ಕಾಕೂನ ವಜನಕ್ಕ ಕಟ್ಟಿದ ಪಾಟಾ

ಪಾಟಾದ ಅಂಗಡಿ ಇಟ್ಟಮ್ಯಾಲೆ ನಗಿ ಬರೂ ಸಂಗತಿ ನಾವೇನ ಹುಡಿಕ್ಕೊಂಡ ಹೋಗಬೇಕಾಗಿಲ್ಲ, ಅವು ತಾವ ಕುಂಟಕೋತ ಬಂದು ಬಾಗಲದಾಗ ನಿಂದರ್ತಾವು. ನೆಟ್ಟಗಿದ್ದ ಗಾಡಿ ನನ್ನ ಅಂಗಡಿಗೆ ಇವತ್ತಿನ ತನಕಾ ಒಂದೂ ಬಂದಿಲ್ಲ. ಒಂದು ಎಡಕ್ಕ ವಾಲಿರತೈತಿ, ಒಂದು ಹಿಂದ ಕುಂತಿರತೈತಿ, ಮತ್ತೊಂದು ಬರೂವಾಗ ಊರ ಮಂದಿಗೆಲ್ಲಾ ಕೇಳಸೂವಂಗ ಕಿರ್ರಂತ ಒದರಕೋತ ಬರತೈತಿ. ಗಾಡಿ ಮಾಲಕರೂ ಹೆಚ್ಚಕಡಿಮಿ ಹಂಗ ಇರ್ತಾರು.

ಗೊತ್ತಿಲ್ಲದವ್ರಿಗೆ ಮೊದಲ ಹೇಳಿಬಿಡ್ತೇನಿ. ಜೀಪು, ಟ್ರಕ್ಕು ಇವುಗಳ ಹೊಟ್ಟಿ ಕೆಳಗ, ಗಾಲಿ ಹತ್ರ, ಬಿಲ್ಲಿನಂಗ ಬಾಗಿದ ಉಕ್ಕಿನ ಪಟ್ಟಿ ಒಂದರ ಮ್ಯಾಲೊಂದು ಇಟ್ಟು ಬಿಗದಿರತಾರಲ್ಲ, ಅದಕ್ಕ ನಮ್ಮ ಕಡೆ ಪಾಟಾ ಅಂತಾರು. ರಸ್ತಾದಾಗ ತೆಗ್ಗ ಬಂದ್ರ ಪಾಟಾ ಬಾಗತೈತಿ, ಕುಂತವರ ನಡಾ ಉಳೀತೈತಿ. ಪಾಟಾ ಬಾಗಲಿಲ್ಲಂದ್ರ ನಡಾನ ಬಾಗಬೇಕು. ಈ ಧಂದೇದ ಶಾಸ್ತ್ರ ಇಷ್ಟ. ಗೋಕಾಕದಾಗ ಇದನ್ನ ಮಾಡಕೋತ ನನ್ನ ತಲಿಗೂದಲಾ ಬೆಳ್ಳಗಾದ್ವು, ಸಿಟ್ಟು ಮಾತ್ರ ಇನ್ನೂ ಕರ್ರಗ ಐತಿ ಅಂತ ಮನ್ಯಾಗ ಅಂತಾರು.

ಇರ್ಲಿ. ಕುಲಗೋಡದ ಕಾಕಾನ ಜೀಪಿನ ಸಂಗತಿ ಹೇಳ್ತೇನಿ. ಅದೊಂದ ಜೀಪು ನನಗ ಕೊಟ್ಟಷ್ಟು ನಗಿ, ಕೊಟ್ಟಷ್ಟು ತ್ರಾಸು, ಉಳದ ಗಾಡಿ ಎಲ್ಲಾ ಕೂಡಿದ್ರೂ ಕೊಟ್ಟಿಲ್ಲ.

೧. ಎಲ್ಲಿ ಬಡೀತೈತಿ?

ಕಾಕಾ ಕುಲಗೋಡದ ಕಬ್ಬಿನ ರೈತರು. ಮನಿ ಊರಾಗಿಲ್ಲ, ತ್ವಾಟದಾಗ ಐತಿ. ಅಲ್ಲಿಗೆ ಹೋಗಬೇಕಂದ್ರ ಮೊದಲ ಒಂದ ಹಳ್ಳಾ ದಾಟಬೇಕು, ಆಮ್ಯಾಲೆ ಎರಿಮಣ್ಣಿನ ಹೊಲದಾಗಿನ ಗಾಡಿದಾರಿ. ಮಳಿ ಬಿತ್ತಂದ್ರ ಮೋಟರ್ ಸೈಕಲ್ ಹೋಗಾಂಗಿಲ್ಲ, ಕಾರಿನ ಹೆಸರಂತೂ ಎತ್ತೂದ ಬ್ಯಾಡ. ಅದಕ್ಕ ಕಾಕಾ ನಾಕೂ ಗಾಲಿ ಎಳೆಯೂವಂಥಾ ಒಂದ ಹಳೇ ಜೀಪು ತಗೊಂಡಿದ್ರು. ತಗೊಂಡಿದ್ದು ಹಳ್ಳದ ಸಲುವಾಗಿ, ಆದ್ರ ಬರಬರ್ತ ಅದರ ಮ್ಯಾಲೆ ಜೀವಾನ ಇಟ್ರು. ದಿನಾ ಮುಂಜಾನಿ ಎಮ್ಮಿ ಮೈ ತೊಳಿಯೂಕಿಂತ ಮೊದಲ ಜೀಪಿನ ಮೈ ತೊಳೀತಿದ್ರಂತ.

ಮೊದಲನೇ ಸಲಾ ನನ್ನ ಅಂಗಡಿಗೆ ಬಂದಾಗ ಒಂದ ಕೈ ನಡದ ಮ್ಯಾಲೆ ಇಟಗೊಂಡ ಇಳದ್ರು.

"ಮಿಸ್ತ್ರಿ, ಭಾಳ ಬಡೀತೈತಿ ನೋಡಪಾ."

"ಎಲ್ಲಿ ಬಡೀತೈತ್ರಿ ಕಾಕಾ?"

"ನಡದಾಗ. ಎಡಕ್ಕ ಸ್ವಲ್ಪ ಹೆಚ್ಚ."

"ನಾ ಗಾಡೀದ ಕೇಳಿದ್ನಿರಿ."

"ಗಾಡೀದ ನನಗೇನ ಗೊತ್ತು? ಅದೇನ ಬಾಯಿ ಬಿಟ್ಟ ಹೇಳತೈತೇನು? ನಮ್ಮಾಕಿ ಹೇಳ್ತಾಳ, ಅದನ್ನ ಬೇಕಾದ್ರ ಹೇಳ್ತೇನಿ."

ನಾ ಗಾಡಿ ಕೆಳಗ ಹೊಕ್ಕ ನೋಡಿದ್ನಿ. ಪಾಟಾ ಅಂದ್ರ ಒಂದರ ಮ್ಯಾಲೊಂದು ಜಾರಬೇಕು, ಅಂದ್ರನ ಬಾಗತಾವು. ಇಲ್ಲಿ ತುಕ್ಕ ಹಿಡದು ಎಲ್ಲಾ ಪಟ್ಟಿ ಕೂಡಿ ಒಂದ ತೊಲಿ ಆಗಿದ್ವು. ಇದರಾಗ ಹೆಂಗ ಕೂಡ್ತೀರಿ ಅಂದ್ರ ಕಾಕಾ ಸೀಟಿನ ಮ್ಯಾಲೆ ಮಡಚಿ ಇಟ್ಟ ಕೌದಿ ತೋರಸಿದ್ರು. ಮತ್ತ ನಿಮ್ಮಾಕಿ, ನಮ್ಮ ಕಾಕು, ಹೆಂಗ ಕೂಡ್ತಾರು ಅಂತ ಕೇಳಿದ್ನಿ. ಆಗ ಕಾಕಾ ಸ್ಟೂಲಿನ ಮ್ಯಾಲೆ ಕುಂತು ಖರೆ ಸಂಗತಿ ಬಿಚ್ಚಿದ್ರು.

ಹಿಂದಿನ ವಾರ ಹಳ್ಳಾ ದಾಟೂವಾಗ ಹಿಂದಿನ ಸೀಟಿನಾಗಿದ್ದ ಕಾಕು ಮ್ಯಾಲೆ ಹಾರಿ, ಹುಡ್ಡಿನ ಪೈಪಿಗೆ ತಲಿ ಬಡಿಸ್ಕೊಂಡ್ರು. ತೊಡಿ ಮ್ಯಾಲಿನ ಬುತ್ತಿ ಹಳ್ಳಕ್ಕ ಬಿತ್ತು. ಕಾಕು ಅಲ್ಲೇ ಇಳದು, ನೀರಾಗ ನಿಂತ ತೀರ್ಮಾನಾ ಹೇಳಿದ್ರಂತ. "ಹುಕ್ಕೇರಿಯೊಳಗ ನಮ್ಮ ಅಣ್ಣನ ಮಗಳ ಲಗ್ನ ಐತಿ. ಲಗ್ನಕ್ಕ ಹೋಗೂವಾಗ ಒಂದ ಸಲಾ ಇದರಾಗ ಕೂಡ್ತೇನಿ, ನಿಮ್ಮ ಮಾರಿ ನೋಡಿ. ಆವತ್ತೂ ನಡಾ ಹಿಡೀತಂದ್ರ ಬರೂವಾಗ ನಾ ಅಣ್ಣನ ಕಾರಿನಾಗ ಬರ್ತೇನಿ. ನೀವು ಈ ಜೀಪು ಅಲ್ಲೇ ಮಾರಿ ಬರ್ರಿ." ಅಣ್ಣಾ ಹುಕ್ಕೇರ್ಯಾಗ ಅರಿವಿ ಅಂಗಡಿ ಸಾವಕಾರ್ರು. ಅವರು ತಡಾ ಮಾಡ್ಲಿಲ್ಲ, ಜೀಪಿಗೆ ಒಬ್ಬ ಗಿರಾಕೀನೂ ಹುಡಕಿ ಇಟ್ಟಿದ್ರು.

"ಇನ್ನ ನಿನ್ನ ಕೈಯಾಗ ಐತಿ ಮಿಸ್ತ್ರಿ," ಅಂದ್ರು ಕಾಕಾ. ಕಣ್ಣಾಗ ಖರೇನ ನೀರ ಬಂದಿದ್ವು. ನನಗ ಸಿಟ್ಟ ಲಗೂನ ಬರತೈತಿ, ಹಂಗ ಕರುಳೂ ಲಗೂನ ಕರಗತೈತಿ.

"ಕಾಳಜಿ ಬಿಡ್ರಿ ಕಾಕಾ. ಹಿಂದ ಕುಂತ ಕಾಕೂಗ ಜೋಕಾಲಿಯೊಳಗ ಕುಂತಂಗ ಆಗಬೇಕು, ಹಂಗ ಪಾಟಾ ಕಟ್ಟತೇನಿ."

"ಮುಂದ ಕುಂತ ನನಗ?"

"ನಿಮ್ಮ ನಡಾ ಯಾರ ಕೇಳ್ಯಾರ್ರಿ?"

ಕಾಕಾ ಹೂಂ ಅಂತ ತಲಿ ಅಲ್ಲಾಡಿಸಿದ್ರು. "ಖರೆ ಐತಿ. ಮನ್ಯಾಗೂ ಯಾರೂ ಕೇಳಿಲ್ಲ."

೨. ಬಾಯಿ ತಗಿ

ಪಾಟಾ ಬಿಚ್ಚಿ, ತುಕ್ಕ ಕೆರದು, ಭಟ್ಟ್ಯಾಗ ಕಾಯಿಸಿ ಬಡದು ಕಮಾನ ಕೊಟ್ಟ್ನಿ. ಹಳ್ಳದಾಗಿನ ಕಲ್ಲು ಗಾಡಿ ಹೊಟ್ಟಿಗೆ ಬಡಿತಿದ್ವು, ಅದಕ್ಕ ಗಾಡಿ ಒಂದೀಟ ಎತ್ತರಾನೂ ಆಗಬೇಕಿತ್ತು. ಎತ್ತರಾ ಮಾಡಬೇಕಂದ್ರ ಪಾಟಾಕ್ಕೂ ಗಾಲಿ ಅಚ್ಚಿಗೂ ನಡುವ ಒಂದೊಂದ ಕಬ್ಬಣದ ತುಂಡ ಇಟ್ಟ ಬಿಗೀತೇವಿ. ಆ ತುಂಡಿಗೆ ನಮ್ಮ ಧಂದೇದಾಗ ಗುಟ್ಕಾ ಅಂತಾರು. ಈ ಹೆಸರ ಯಾವಾ ಇಟ್ಟಾನೋ, ಅವಾ ಒಂದಿನಾ ನನ್ನ ಕೈಯಾಗ ಸಿಗಬೇಕು.

ಕಾಕಾ ನನ್ನ ಅಂಗಡ್ಯಾಗ ಕುಂತು ಮನಿಗೆ ಫೋನ್ ಮಾಡಿದ್ರು. ಅವರು ಫೋನಿನಾಗ ಮಾತಾಡೂದು ಆಚೀ ಹೊಲದಾಗ ಇದ್ದವ್ರನ್ನ ಕರದಂಗ.

"ಹೂಂ, ಮಿಸ್ತ್ರಿ ಕಡೇನ ಅದೇನಿ. ಗುಟ್ಕಾ ಹಾಕಸಾಕತ್ತೇನಿ. ಎರಡ. ಇಲ್ಲಾ, ಸಣ್ಣೂವು ಬ್ಯಾಡಂದ್ನಿ, ದೊಡ್ಡೂವ ಹಾಕಂದೇನಿ. ಮಿಸ್ತ್ರೀನ ಹೇಳಿದಾ, ಗುಟ್ಕಾ ಹಾಕಿದ್ರ ಮ್ಯಾಲೆ ಏಳ್ತೀರಿ, ಹಳ್ಳಾ ಬಂದದ್ದೂ ಗೊತ್ತಾಗಾಂಗಿಲ್ಲ ಅಂತ."

ಆ ಕಡಿಂದ ಫೋನ್ ಕಟ್ ಆತು. ರೇಂಜ್ ಇಲ್ಲ ಅಂತ ಕಾಕಾ ಫೋನ್ ಕಿಸೇದಾಗ ಇಟಗೊಂಡ್ರು.

ಮರದಿನ ಮುಂಜಾನಿ ನಾ ಅಂಗಡಿ ಮುಂದ ನೀರ ಹೊಡ್ಯಾಕತ್ತಿದ್ನಿ. ಕುಲಗೋಡದ ಬಸ್ಸಿನಿಂದ ಇಳದ ಒಬ್ಬರು ಸೀದಾ ನನ್ನ ಕಡೆ ಬಂದ್ರು. ಇಳಕಲ್ ಸೀರಿ, ಹಣಿ ಮ್ಯಾಲೆ ಇಬೂತಿ, ಕೈಯಾಗ ಚೀಲಾ. ಗಟ್ಟಿಮುಟ್ಟಾದ ಹೆಣಮಗಳು.

"ಪಾಟಾದ ಮಿಸ್ತ್ರಿ ಯಾರು?"

"ನಾನ್ರಿ."

"ಬಾಯಿ ತಗಿ."

ಅವರು ಅಂದ ಧಾಟಿಗೆ ನನ್ನ ಬಾಯಿ ತಾನ ತೆರೀತು. ಅವರು ಬಗ್ಗಿ ನನ್ನ ಹಲ್ಲ ನೋಡಿದ್ರು, ಎಡಕ್ಕ ಒಂದ ಸಲಾ, ಬಲಕ್ಕ ಒಂದ ಸಲಾ.

"ನಿನ್ನ ಹಲ್ಲ ಬೆಳ್ಳಗ ಅದಾವಲ್ಲೊ. ಮಂದಿಗೆ ತಿನ್ನಿಸಿ ನೀ ಚಲೋ ಉಳದೀ? ಈ ವಯಸ್ಸಿನಾಗ ಅವರಿಗೆ ಇಲ್ಲದ ಚಟಾ ಹಚ್ಚಿದೆಲ್ಲಾ, ನಿನಗ ಮನಿ ಮಠಾ ಐತ್ಯೋ ಇಲ್ಲೋ?"

ಇವರು ಕಾಕು ಅಂತ ನನಗ ತಿಳದದ್ದು ಆವಾಗ. ಬೈಸ್ಕೋತನ ಅವರನ್ನ ಜೀಪಿನ ಹಂತೇಕ ಕರಕೊಂಡ ಹೋಗಿ, ಪಾಟಾದ ಕೆಳಗ ಹಾಕಿದ್ದ ಒಂದ ಗುಟ್ಕಾ ತೋರಸಿದ್ನಿ, ಇನ್ನೂ ಹಾಕಬೇಕಾಗಿದ್ದ ಮತ್ತೊಂದನ್ನ ಕೈಯಾಗ ಕೊಟ್ಟ್ನಿ. ಕಾಕು ಆ ಕಬ್ಬಣದ ತುಂಡು ತಿರುವ್ಯಾಡಿ ನೋಡಿದ್ರು.

"ಇದನ್ನ ತಿನ್ನಾಂಗಿಲ್ಲೇನು?"

"ಇಲ್ರಿ ಕಾಕು. ಇದು ಗಾಡಿಗೆ ಹಾಕೂದು."

ಕಾಕೂನ ಮಾರಿ ಸಣ್ಣದಾತು. "ಹಂಗಾರ ನಿನ್ನೆ ಸಂಜಿಕೆ ಅವರು ಮನಿಗೆ ಬಂದಕೂಡ್ಲೆ ಉಪ್ಪಿನ ನೀರಿಲೆ ಹತ್ತ ಸಲಾ ಬಾಯಿ ಮುಕ್ಕಳಸಾಕ ಹಚ್ಚಿದ್ನೆಲ್ಲೊ."

"ಯಾಕಂತ ಕಾಕಾ ಕೇಳ್ಲಿಲ್ಲೇನ್ರಿ?"

"ಹೆಂಗ ಕೇಳ್ತಾರು? ಬಾಯಿ ತುಂಬ ನೀರಿತ್ತು."

೩. ಅರಭಾವಿ ಬಂತೇನ್ರಿ?

ಕಾಕಾಗ ಬುದ್ಧಿ ಹೇಳೂ ಮಂದಿ ಬಾಜೂಕಿನ ಮೂಡಲಗಿ ಊರಾಗ ಭಾಳ ಇದ್ರು. ಯಾವನೋ ಒಬ್ಬ "ಪಾಟಾ ದಪ್ಪ ಇದ್ದಷ್ಟ ಚಲೋ" ಅಂತ ಹೇಳಿದ್ನಂತ. ಕಾಕಾ ಅಲ್ಲಿಯ ಹಳೇ ಕಬ್ಬಣದ ಮೋಡಕಾ ಅಂಗಡಿಗೆ ಹೋಗಿ, ಟ್ರಕ್ಕಿನ ಹಳೇ ಪಾಟಾ ಒಂದ ಹೆಗಲ ಮ್ಯಾಲೆ ಹೊತಗೊಂಡ ಬಂದ್ರು.

"ಇದೊಂದ ಸೇರಸು ಮಿಸ್ತ್ರಿ. ಗಟ್ಟಿ ಐತಿ, ಜನ್ಮದಾಗ ಬಾಗಾಂಗಿಲ್ಲ."

"ಬಾಗಲಿ ಅಂತನ ಪಾಟಾ ಹಾಕೂದ್ರಿ ಕಾಕಾ. ಇದು ಕಲ್ಲ ಹೇರೂ ಗಾಡೀದು. ಕಾಕು ಏನ ಕಲ್ಲೇನ್ರಿ?"

ಕಾಕಾ ಸಿಟ್ಟಾದ್ರು. ಚಾ ತರಿಸಿದ್ನಿ, ಕುಡೀಲಿಲ್ಲ. ಮಾರಿ ಆ ಕಡೆ ತಿರುವಿ ಕುಂತಬಿಟ್ರು. ನನಗೂ ತಲಿ ಕೆಟ್ಟತು. ಹಾಕೇ ತೋರಸ್ತೇನಿ, ಕಣ್ಣೀಲೆ ನೋಡಿದಮ್ಯಾಲೆ ಆರ ತಿಳೀತೈತಿ ಅಂತ ಆ ಟ್ರಕ್ಕಿನ ಪಾಟಾ ಹಿಂದ ಸೇರಿಸಿದ್ನಿ.

ಇಲ್ಲೊಂದ ನಮ್ಮ ಕೆಲಸದ ಪದ್ಧತಿ ಹೇಳಬೇಕು. ಪಾಟಾದ ನಟ್ಟು ಗಾಡಿ ಜ್ಯಾಕಿನ ಮ್ಯಾಲೆ ಇದ್ದಾಗ ಪೂರಾ ಬಿಗಿ ಮಾಡಬಾರ್ದು. ಗಾಡಿ ನೆಲಕ್ಕ ಇಳಿಸಿ, ಅದರಾಗ ಮಂದಿ ಕುಂತು, ಪಾಟಾ ತನ್ನ ಜಾಗಾಕ್ಕ ಬಂದಮ್ಯಾಲೆ ಬಿಗಿ ಮಾಡಬೇಕು. ಅದಕ್ಕ ನಾ ಬಾಜೂ ಚಾದ ಅಂಗಡ್ಯಾಗಿನ ಮಂದೀನ ಕರದ ಕೂಡಸ್ತೇನಿ. ಅವರಿಗೂ ರೂಢಿ ಆಗೇತಿ, ಕಪ್ಪ ಕೈಯಾಗ ಹಿಡಕೊಂಡ ಬಂದ ಕೂಡ್ತಾರು.

ಆವತ್ತೂ ಕೂಗಿದ್ನಿ. ಮಂದಿ ಬಂದ ಹತ್ತಿದ್ರು. ನಾ ಗಾಡಿ ಕೆಳಗ ಮಕ್ಕೊಂಡ ನೋಡಾಕತ್ತೇನಿ, ಪಾಟಾ ಕೂದಲೆಳೀಯಷ್ಟೂ ಬಾಗವಲ್ದು.

"ಇನ್ನಿಬ್ರ ಹತ್ತರಿ," ಅಂದ್ನಿ.

ಮ್ಯಾಲಿಂದ ಒಬ್ಬರ ದನಿ ಬಂತು. "ಎಷ್ಟಂತ ತುಂಬತೀರಿ? ಬಿಡ್ರಿ ಇನ್ನ, ಹೊತ್ತಾತು."

"ಸ್ವಲ್ಪ ತಡೀರಿ. ಇನ್ನೂ ಇಳೀವಲ್ದು."

"ಇಳಿಯೂದ ಎಲ್ಲೀದ್ರಿ, ಈಗ ಹತ್ತೇವಿ."

ಚಾದ ಅಂಗಡಿ ಮಂದಿ ಚೇಷ್ಟಿ ಮಾಡಾಕತ್ತಾರು ಅಂತ ನಾ ಲಕ್ಷ್ಯ ಕೊಡ್ಲಿಲ್ಲ. ಇನ್ನಿಬ್ರ ಹತ್ತಿದ್ರು, ಗಾಡಿ ಕಟ್ಟಿ ಮ್ಯಾಲೆ ಕುಂತಂಗ ಅಲ್ಲಾಡದ ಕುಂತಿತ್ತು. ಕಾಕಾನ್ನೂ ಬಗ್ಗಿಸಿ ತೋರಸಿದ್ನಿ. ಅಷ್ಟ ಮಂದಿ ಕುಂತ್ರೂ ಬಾಗದ ಪಾಟಾ ಕಾಕು ಒಬ್ರ ಕುಂತ್ರ ಬಾಗೀತೇನ್ರಿ ಅಂತ ಕೇಳಿದ್ನಿ. ಕಾಕಾ ಸಣ್ಣ ದನೀಲೆ "ತಗದಬಿಡು" ಅಂದ್ರು. ನಾ ಎದ್ದ ಕೈ ಒರಸ್ಕೊಂಡು, "ಎಲ್ಲಾರೂ ಇಳೀರಿ" ಅಂದ್ನಿ.

ಎಲ್ಲಾರೂ ಇಳದ್ರು, ಮೂಲ್ಯಾಗ ಒಬ್ಬರನ್ನ ಬಿಟ್ಟ. ಪ್ಯಾಂಟು, ಇನ್‌ಶರ್ಟು, ತೊಡಿ ಮ್ಯಾಲೆ ಬ್ಯಾಗು, ಬಾಯಿ ತೆರದು ಗಡದ್ದ ನಿದ್ದಿ. ಅರಭಾವಿ ಕಾಲೇಜಿನಾಗ ನೌಕರಿ ಮಾಡೂ ಮನಶಾ, ಬಸ್ಸಿಗೆ ಕಾಯಕೋತ ನಿಂತಿದ್ರು. ಸೀಟ ತುಂಬಾಕತ್ತಾರು ಅಂತ ತಿಳದು ಬಾಡಗಿ ಜೀಪಿನಾಗ ಹತ್ತಿದಂಗ ಹತ್ತಿ ಕುಂತಾರು. ಹೆಗಲ ಹಿಡದ ಅಲ್ಲಾಡಿಸಿದ್ನಿ. ಕಣ್ಣ ತಿಕ್ಕೊಂಡ್ರು.

"ಅರಭಾವಿ ಬಂತೇನ್ರಿ? ಗಾಡಿ ಭಾಳ ಮಸ್ತ್ ಐತಿ ಬಿಡ್ರಿ. ಒಂದ ತೆಗ್ಗೂ ಗೊತ್ತಾಗ್ಲಿಲ್ಲ."

ಕಾಕಾ ನನ್ನ ಕಡೆ ತಿರುಗಿ ಎದಿ ಉಬ್ಬಿಸಿದ್ರು. "ಕೇಳಿದೇನು? ನಾ ತಂದ ಪಾಟಾ ಅದು."

೪. ಕಾಟಾ ಕೆಟ್ಟೈತಿ

ಟ್ರಕ್ಕಿನ ಪಾಟಾ ಮೂಡಲಗಿಗೆ ವಾಪಸ್ ಹೋತು. ಇನ್ನ ಖರೆ ಕೆಲಸಾ. ಎಷ್ಟ ಪಟ್ಟಿ ಇಡಬೇಕು, ಎಷ್ಟ ತೆಳ್ಳಗಿರಬೇಕು ಅನ್ನೂದು ಕೂಡವರ ವಜನದ ಮ್ಯಾಲೆ ಐತಿ. ಮುಂದ ಕಾಕಾ ಕೂಡ್ತಾರು, ಅವರೇನ ಗಾಳಿ ಬಂದ್ರ ಹಾರತಾರು. ಹಿಂದ ಕುಂಡರೂದು ಕಾಕು ಒಬ್ಬರ.

"ಕಾಕಾ, ಕಾಕೂನ ವಜನಾ ಎಷ್ಟ್ರಿ?"

ಕಾಕಾ ಅಂಗಡಿ ಹೊರಗ ಒಂದ ಸಲಾ ಇಣಿಕಿ ನೋಡಿ ಬಂದ್ರು. "ನೀನ ಕೇಳು."

"ನಾ ಯಾಕ ಕೇಳ್ಲಿರಿ? ನಿಮ್ಮ ಹೆಂಡ್ತಿ."

"ಅದಕ್ಕ ನಾ ಕೇಳಾಂಗಿಲ್ಲ."

ಇಬ್ರೂ ಕೂಡಿ ಒಂದ ಯುಕ್ತಿ ಮಾಡಿದಿವಿ. ಕೊಣ್ಣೂರದ ಹಾದ್ಯಾಗ ಕಬ್ಬ ತೂಗೂ ಕಾಟಾ ಐತಿ. ಕಬ್ಬ ತುಂಬಿದ ಗಾಡಿ ಅದರ ಹಾಸಿನ ಮ್ಯಾಲೆ ನಿಂತ್ರ ಒಳಗ ಕ್ಯಾಬಿನ್‌ದಾಗ ವಜನಾ ಕಾಣಸತೈತಿ. ಲಗ್ನಕ್ಕ ಸೀರಿ ತರಾಕ ಕಾಕು ಕಬ್ಬಿನ ಟ್ರ್ಯಾಕ್ಟರದಾಗ ಆ ಹಾದೀಲೆ ಬರೂದಿತ್ತು, ಯಾಕಂದ್ರ ಜೀಪಿನಾಗ ಕೂಡಾಂಗಿಲ್ಲಂತ ಶಪಥಾ ಮಾಡಿದ್ರಲ್ಲ. ಮೊದಲ ಖಾಲಿ ಜೀಪು, ಅದರ ಬಾಜೂ ಕಾಕಾನೂ, ಕಾಟಾದ ಮ್ಯಾಲೆ ನಿಂತ ವಜನಾ ಮಾಡಸೂದು, ಕಾಕು ಬಂದಕೂಡ್ಲೆ ಏನರ ನೆವಾ ಹೇಳಿ ಅವರನ್ನ ಹಾಸಿನ ಮ್ಯಾಲೆ ಕರಿಯೂದು, ನಾ ಕ್ಯಾಬಿನ್ನಿನ ಕಿಡಕ್ಯಾಗ ಇಣಿಕಿ ಹೆಚ್ಚಿಗಿ ಬಂದದ್ದ ನೋಡೂದು. ಯಾರಿಗೂ ಗೊತ್ತಾಗಾಂಗಿಲ್ಲ.

ಎಲ್ಲಾ ಬರೋಬರಿ ನಡೀತು. ಕಾಕು ಟ್ರ್ಯಾಕ್ಟರದಿಂದ ಇಳದ್ರು. ಕಾಕಾ ಜೀಪಿನ ಹಿಂದಿನ ಬಾಗಲಾ ಹಿಡದು, "ಇದು ಕೂಡವಲ್ದು, ಒಂದೀಟ ಒತ್ತಿ ಹಿಡಿ ಬಾ" ಅಂದ್ರು. ಕಾಕು ಬಂದ ಹಿಡದ್ರು. ನಾ ಕಿಡಕ್ಯಾಗ ಕಣ್ಣ ಹಾಕೂದ್ರಾಗ ಕಾಟಾದಾಂವ ಮೈಕ್ ತಗೊಂಡಾ. ಅವಂಗ ನಮ್ಮ ಯುಕ್ತಿ ಹೇಳಿರಲಿಲ್ಲ.

"ಜೀಪಿನ ಬಾಜೂ ನಿಂತ ಹಸರ ಸೀರಿ ಅಕ್ಕಾರು ಕಾಟಾದ ಮ್ಯಾಲಿಂದ ಕೆಳಗ ಇಳೀಬೇಕು. ಎಂಬತ್ತ ಕಿಲೋ ಹೆಚ್ಚಿಗಿ ತೋರಸಾಕತ್ತೈತಿ."

ಹೊರಗ ಸಾಲಾಗಿ ನಿಂತಿದ್ದ ಟ್ರ್ಯಾಕ್ಟರಗಳ ಮ್ಯಾಲಿನ ಮಂದಿ ಎಲ್ಲಾ ಹಸರ ಸೀರಿ ಕಡೆ ನೋಡಿದ್ರು. ಕಾಕು ನಿಂತಲ್ಲೇ ನಿಂತಿದ್ರು. ಕೇಳಿಲ್ಲ ಅಂತ ತಿಳದು ಅವಾ ಮತ್ತೊಂದ ಸಲಾ ಸಾವಕಾಶ, ಬಿಡಿಸಿ ಹೇಳಿದಾ. ಕಾಕಾ ಜೀಪಿನ ಬಾಗಲಾ ತಬ್ಬಿಕೊಂಡ ಕಣ್ಣ ಮುಚ್ಚಿಬಿಟ್ರು.

ಕಾಕು ಕಿಡಕೀಗೆ ಬಂದ್ರು. ನಾ ಟ್ರಾಲಿ ಮರೀಗೆ ಸರದ್ನಿ.

"ನಿನ್ನ ಕಾಟಾ ಕೆಟ್ಟೈತಿ."

"ಇಲ್ರಿ ಅಕ್ಕಾರ, ಮೊನ್ನೆರ ತಪಾಸ ಮಾಡ್ಯಾರು."

"ಕೆಟ್ಟೈತಿ ಅಂದ್ರ ಕೆಟ್ಟೈತಿ. ಭಾಳ ಹೆಚ್ಚ ತೋರಸತೈತಿ. ಬಂದ ಮಾಡು ಮೊದಲ."

ಅಷ್ಟ ಅನ್ನೂದ್ರಾಗ ಕಬ್ಬ ತುಂಬಿದ ಟ್ರ್ಯಾಕ್ಟರ ಮ್ಯಾಲಿಂದ ರೈತ್ರು ದಡದಡ ಇಳದ ಬಂದ್ರು. ಒಬ್ಬ ಹಿರ್ಯಾ ಕೈ ಮುಗದಾ. "ಯಕ್ಕಾ, ಖರೇನ ಹೆಚ್ಚ ತೋರಸತೈತೇನ್ರಿ?"

"ಮತ್ತ? ಸಿಕ್ಕಾಪಟ್ಟಿ ಹೆಚ್ಚ."

"ಹಂಗಾರ ದಯಮಾಡಿ ಸುಮ್ನಿರ್ರಿ. ನಮ್ಮ ಕಬ್ಬ ತೂಗಿ ಮುಗೀಲಿ, ಆಮ್ಯಾಲೆ ಬೇಕಾದ್ರ ಬಂದ ಮಾಡಸ್ರಿ."

೫. ಕಾಕೂನ ಜಾಗಾದಾಗ ಚೀಲಾ

ಎಂಬತ್ತ ಕಿಲೋಕ್ಕ ಸರಿಯಾಗಿ ಪಾಟಾ ಕಟ್ಟಿದ್ನಿ. ತೆಳ್ಳನ್ನ ಪಟ್ಟಿ, ನಡನಡುವ ಗ್ರೀಸು, ಪಾಟಾದ ತುದಿಗಿರೂ ತೂತಿನಾಗ ಹೊಸಾ ರಬ್ಬರ ಬುಶ್. ಜಂಬಾ ಅಲ್ಲ, ಅಂಥಾ ಕೆಲಸಾ ನನ್ನ ಕೈಲೆ ಮತ್ತೊಮ್ಮೆ ಆಗೂದ ಅನುಮಾನ. ಆದ್ರ ನೋಡೂದ ಹೆಂಗ? ಕಾಕು ಲಗ್ನದ ದಿನಾ ಬಿಟ್ಟ ಕೂಡಾಂಗಿಲ್ಲ. ಅದಕ್ಕ ಒಂದ ಚೀಲದಾಗ ಎಂಬತ್ತ ಕಿಲೋ ಜ್ವಾಳಾ ತೂಗಿ ತುಂಬಿ, ಕಾಕೂನ ಜಾಗಾದಾಗ ಇಟ್ಟು, ಕಾಕಾನ ತ್ವಾಟದ ಹಳ್ಳಕ್ಕ ಹೋದಿವಿ.

ಜೀಪು ಹಳ್ಳದಾಗ ಇಳೀತು, ಕಲ್ಲ ದಾಟಿತು, ಆಚೀ ದಂಡಿ ಹತ್ತಿತು. ಹಿಂದಿನ ಗಾಲಿ ಮ್ಯಾಲೆ ಕೆಳಗ ಆಗಾಕತ್ತಿದ್ವು, ಚೀಲಾ ಮಾತ್ರ ಮಕ್ಕೊಂಡ ಕೂಸಿನಂಗ ಕುಂತಿತ್ತು. ದಂಡಿ ಹತ್ತಿದಕೂಡ್ಲೆ ಕಾಕಾ ರೂಢಿಬಲದಿಂದ ಹಿಂದ ತಿರುಗಿ ಕೇಳಿದ್ರು, "ಬಡೀತೇನ?" ಸ್ವಲ್ಪ ಹೊತ್ತ ಕಾದ್ರು. ಆಮ್ಯಾಲೆ ನನಗ ಅಂದ್ರು, "ಏನೂ ಅನವಲ್ದು ನೋಡು. ಭಾಳ ಚಲೋ ಆಗೇತಿ."

ತ್ವಾಟದ ಮನಿ ಮುಂದ ಕಾಕು ನಿಂತ ಎಲ್ಲಾ ನೋಡಾಕತ್ತಿದ್ರು.

"ನನ್ನ ಜಾಗಾದಾಗ ಅದೇನು?"

"ಜ್ವಾಳದ ಚೀಲಾ," ಅಂದ್ರು ಕಾಕಾ.

"ಎಲ್ಲಿಂದ ತಂದ್ರಿ? ಎಲ್ಲಿಗೆ ಒಯ್ಯಾಕತ್ತೀರಿ?"

"ಎಲ್ಲಿಗೂ ಇಲ್ಲ. ಸುಮ್ನ ಹಳ್ಳಾ ತೋರಸ್ಕೊಂಡ ಬಂದ್ನಿ."

ಕಾಕು ಚೀಲದ ತುದಿ ಹಿಡದ ಎತ್ತಿ ನೋಡಿದ್ರು. ಕಾಳಕಡಿ ಅಳದ ಬೆಳದ ಕೈ ಅವು. "ಇದು ಪೂರಾ ಕ್ವಿಂಟಲ್ ಅಲ್ಲ, ಅರ್ಧಾನೂ ಅಲ್ಲ. ಎಷ್ಟೈತಿ ಇದರಾಗ?" ಕಾಕಾ ನನ್ನ ನೋಡಿದ್ರು. ನಾ ಹಳ್ಳಾ ನೋಡಿದ್ನಿ. ಕಾಕಾನ ಬಾಯಿಂದ ಜಾರಿಬಿಟ್ಟಿತು, "ಎಂಬತ್ತ."

ಕಾಕೂಗ ಎಲ್ಲಾ ತಿಳೀತು, ಆ ಬಾಗಲಾ ಹಿಡಿಯೂದು, ಆ ಕಾಟಾ, ಆ ಮೈಕು. ಜೀಪೂ ಹೋತು, ನನ್ನ ಹೆಸರೂ ಹೋತು ಅಂತ ನಾ ಮನಸಿನಾಗ ಮುಗಸೇಬಿಟ್ಟಿದ್ನಿ.

"ಅಂದ್ರ ಆ ಕಾಟಾ ಖರೆ ತೋರಸಿತ್ತಂತೀರಿ?"

ಕಾಕಾ ಇಷ್ಟ ವರ್ಷ ಸಂಸಾರ ಮಾಡಿದ್ದು ಸುಳ್ಳಲ್ಲ. "ಛೆ, ಅದು ಹೆಚ್ಚ ತೋರಸತೈತಿ," ಅಂದ್ರು.

"ಲಗ್ನ ಬರೂದ್ರಾಗ ನಾ ಎಪ್ಪತ್ತ ಕಿಲೋಕ್ಕ ಬರ್ತೇನಿ, ನೋಡ್ತಿರ್ರಿ," ಅಂದು ಕಾಕು ಒಳಗ ಹೋದ್ರು.

ಕಾಕಾ ನನ್ನ ರಟ್ಟಿ ಹಿಡದ್ರು. "ಮಿಸ್ತ್ರಿ, ಅಕಿ ಎಪ್ಪತ್ತಕ್ಕ ಬಂದ್ರ ಪಾಟಾ ಏನಾಗತೈತಿ?"

"ವಜನಾ ಸಾಲದ ಜಿಗ್ಯಾಕ ಹತ್ತತೈತ್ರಿ. ಒಂದ ಪಟ್ಟಿ ತಗದ ಕೊಡ್ಲೇನು?"

"ತಗದಮ್ಯಾಲೆ ಅಕಿ ಮತ್ತ ತಿನ್ನಾಕ ಹತ್ತಿದ್ಲಂದ್ರ?"

ಪಟ್ಟಿ ಹಂಗ ಬಿಟ್ಟ್ನಿ. ಆವತ್ತಿನಿಂದ ದಿನಾ ಸಂಜಿಕೆ ಕಾಕಾನ ಫೋನ್ ಬರಾಕ ಹತ್ತಿತು. ಇವತ್ತ ಒಂದ ರೊಟ್ಟಿ ತಿಂದ್ಲು. ಇವತ್ತ ಬರೇ ಮಜ್ಜಿಗಿ ಕುಡದ್ಲು. ಇವತ್ತ ಮುಂಜಾನಿ ಎದ್ದ ಹಳ್ಳದ ತನಕಾ ನಡದ ಬಂದ್ಲು, ನಾ ದಾರ್ಯಾಗ ನಿಂತ ಅಡ್ಡ ಹಾಕಿದ್ರೂ ಕೇಳ್ಲಿಲ್ಲ. ಒಂದಿನಾ ಎರಡ ರೊಟ್ಟಿ ನಡುವ ಬೆಣ್ಣಿ ಮುಚ್ಚಿ ಇಟ್ಟು ಸಿಕ್ಕಬಿದ್ರಂತ. ಹೆಂಡ್ತಿ ದಪ್ಪ ಆದ್ಲಂತ ಡಾಕ್ಟರಿಗೆ ಫೋನ್ ಮಾಡವ್ರನ್ನ ಕೇಳೇನಿ. ಹೆಂಡ್ತಿ ಸೊರಗಾಕತ್ತಾಳಂತ ಪಾಟಾದ ಮಿಸ್ತ್ರೀಗೆ ಫೋನ್ ಮಾಡಿದಾವ್ರು ಇವರೊಬ್ರ.

೬. ಹುಕ್ಕೇರಿ ಲಗ್ನ

ಲಗ್ನದ ದಿನಾ ನಟ್ಟ ಬಿಗಿಯೂ ಪಾನಾ, ಜ್ಯಾಕು ಸಮೇತ ನನ್ನನ್ನೂ ಕರಕೊಂಡ ಹೊಂಟ್ರು. ಮುಂದ ಕಾಕಾ, ನಾನು. ಹಿಂದ ಹೊಸಾ ಸೀರಿ ಉಟಗೊಂಡ ಕಾಕು, ಖರೇನ ಒಂದೀಟ ಸಣ್ಣಾಗಿದ್ರು. ಅದನ್ನ ನೋಡಿ ನಾ ಹತ್ತೂಕಿಂತ ಮೊದಲ ಪಾಟಾ ಮತ್ತೊಮ್ಮೆ ಬಗ್ಗಿ ನೋಡಿದ್ನಿ.

ಹಳ್ಳಾ ದಾಟಿದಿವಿ, ಕಾಕೂನ ಕೈ ನಡಕ್ಕ ಹೋಗ್ಲಿಲ್ಲ. ಗೋಕಾಕ ದಾಟಿದಿವಿ, ಕೊಣ್ಣೂರ ದಾಟಿದಿವಿ, ಆಗೂ ಹೋಗ್ಲಿಲ್ಲ. ಡಾಂಬರ ರಸ್ತೆದ ಮ್ಯಾಲೆ ಜೀಪು ಹೂವಿನಂಗ ಹೊಂಟಿತ್ತು. ಆದ್ರ ಹುಕ್ಕೇರಿ ಇನ್ನೇನ ಬಂತು ಅನ್ನೂವಾಗ ರಸ್ತೆ ರಿಪೇರಿ ನಡದಿತ್ತು, ಹಾದಿ ತುಂಬ ಖಡಿ ಚೆಲ್ಲಿದ್ರು. ಅಲ್ಲಿ ಹಿಂದಿನ ಬಾಜೂ ಸಣ್ಣಗ ಜಿಗೀತು. ಮತ್ತೊಂದ ಸಲಾ ಜಿಗೀತು. ಕಾಕಾ ಕನ್ನಡ್ಯಾಗ ನೋಡಿದ್ರು. ಕಾಕು ತುಟಿ ಬಿಗಿ ಹಿಡದ ಕುಂತಿದ್ರು. ಕಾಕಾ ಗಾಡಿ ಇನ್ನೂ ಸಾವಕಾಶ ಮಾಡಿದ್ರು.

ಮಂಗಲ ಕಾರ್ಯಾಲಯದ ಬಾಗಲದಾಗ ಕಾಕೂನ ಅಣ್ಣಾ ನಿಂತಿದ್ರು. ಅವರ ಬಾಜೂಕ ಜೀಪಿನ ಗಿರಾಕಿ. ನಾವು ಇಳಿಯೂದ್ರಾಗ ಅವಾ ಗಾಡಿ ಸುತ್ತ ಒಂದ ಸುತ್ತ ಹೊಡದು, ಗಾಲಿಗೆ ಒದ್ದು, ಹಿಂದ ಎರಡೂ ಕೈಲೆ ಒತ್ತಿ ನೋಡಿದಾ. ಕಾಕಾ ತಮ್ಮ ಎಮ್ಮೀನ ಯಾರರ ಒದ್ದಂಗ ಮಾರಿ ಮಾಡಿದ್ರು.

"ಹೆಂಗ ಬಂದೆವಾ? ನಡಾ ಹೆಂಗೈತಿ?" ಅಂತ ಅಣ್ಣಾ ತಂಗೀನ ಕೇಳಿದ್ರು. "ಹೋಗೂವಾಗ ಕಾರ ಕಳಸ್ತೇನಿ. ಇವರು ಜೀಪಿನ ಮಾತ ಇಲ್ಲೇ ಮುಗಿಸಿಬಿಡ್ಲಿ."

"ಮೊದಲ ಅಕ್ಕಿಕಾಳ ಬೀಳ್ಲಿ," ಅಂದ್ರು ಕಾಕು. "ಉಂಡಮ್ಯಾಲೆ ಹೇಳ್ತೇನಿ."

ಲಗ್ನದಾಗ ಕಾಕಾನ ಚಿತ್ತ ಇರಲಿಲ್ಲ. ಎಲ್ಲಾರೂ ಮದಮಕ್ಕಳ ಮ್ಯಾಲೆ ಅಕ್ಕಿಕಾಳ ಒಗದ್ರು, ಕಾಕಾ ಹೊರಗ ಜೀಪಿನ ಕಡೆ ನೋಡಕೋತ ಮುಂದ ಕುಂತಿದ್ದ ಗಿರಾಕಿ ತಲಿ ಮ್ಯಾಲೆ ಒಗದ್ರು. ಅವಾ ತಿರುಗಿ ನಮಸ್ಕಾರ ಮಾಡಿದಾ.

ಊಟಕ್ಕ ಕಾಕು ಹೆಣಮಕ್ಕಳ ಸಾಲಿನಾಗ ಕುಂತ್ರು. ಜನ್ಮದಾಗ ಒಬ್ಬರಿಗೆ ನೀರ ಸುದ್ದಾ ನೀಡದ ಕಾಕಾ, ಬಡಸವನ ಕೈಯಾಗಿನ ಹೋಳಗಿ ಬುಟ್ಟಿ ಕಸಗೊಂಡ್ರು. ತುಪ್ಪದ ತಂಬಗಿ ನನ್ನ ಕೈಯಾಗ ಕೊಟ್ರು. ಇಬ್ರೂ ಸಾಲ ದಾಟಕೋತ ಸೀದಾ ಕಾಕೂನ ಎಲಿ ಮುಂದ ಹೋಗಿ ನಿಂತಿವಿ. ಕಾಕಾ ಒಂದ ಹೋಳಗಿ ಹಾಕಿದ್ರು, ನಾ ತುಪ್ಪಾ ಹಾಕಿದ್ನಿ. ಮತ್ತೊಂದ ಹಾಕಿದ್ರು. ಬಾಜೂಕ ಕುಂತ ಹೆಣಮಕ್ಕಳು ಸೆರಗ ಬಾಯಾಗ ಇಟಗೊಂಡ ನಗಾಕ ಹತ್ತಿದ್ರು. "ಲಗ್ನ ಆದ ಹೊಸದಾಗಿ ನಮ್ಮಾವ್ರೂ ಹಿಂಗ ಮಾಡ್ಲಿಲ್ಲವಾ," ಅಂದ್ಲು ಒಬ್ಬಾಕಿ.

ಕಾಕು ಎಲಿ ಮ್ಯಾಲೆ ಕೈ ಅಡ್ಡ ಹಿಡದ್ರು. "ಸಾಕ್ರಿ."

ಕಾಕಾ ಸರೀಲಿಲ್ಲ. ಅಷ್ಟೊತ್ತಿಗೆ ಅಣ್ಣಾನೂ ಗಿರಾಕೀನೂ ಅಲ್ಲಿಗೇ ಬಂದ್ರು.

"ಏನ ಮಾಡೂಣವಾ? ಡ್ರೈವರಗ ಕಾರ ತಗೀ ಅಂತ ಹೇಳ್ಲೇನು?"

ಕಾಕು ಅಣ್ಣನ್ನ ನೋಡಿದ್ರು. ಗಿರಾಕೀನ ನೋಡಿದ್ರು. ಆಮ್ಯಾಲೆ ಹೋಳಗಿ ಬುಟ್ಟಿ ಹಿಡಕೊಂಡ ನಿಂತ ಗಂಡನ್ನ ಭಾಳ ಹೊತ್ತ ನೋಡಿದ್ರು. ಕಾಕಾ ಬುಟ್ಟಿ ಇನ್ನೊಂದೀಟ ಮುಂದ ಹಿಡದ್ರು.

ಕಾಕು ಎಲಿ ಮ್ಯಾಲಿನ ಕೈ ತಗದ್ರು.

"ಇನ್ನೆರಡ ನೀಡ್ರಿ. ತುಪ್ಪಾನೂ ಹಾಕ್ರಿ," ಅಂದ್ರು. "ಹೊಳ್ಳಿ ಹೋಗೂವಾಗ ಜೀಪು ಜಿಗೀಬಾರ್ದು."